ಬ್ರೇಕಿನ ಚೌಕದಲ್ಲಿ ಒಂದೇ ಪದ

ಯಾವುದಾದರೂ ಗಾಡಿಯನ್ನು ಹೊಗಳಬೇಕಾಗಿ ಬಂದರೆ ನನಗೆ ಹೊಟ್ಟೆನೋವು ಶುರುವಾಗುತ್ತದೆ ಎಂದು ನನ್ನ ಹೆಂಡತಿ ಹೇಳುವುದುಂಟು. ಅವಳ ಮಾತು ಪೂರ್ತಿ ಸುಳ್ಳಲ್ಲ. ಸೇನೆಯ ವರ್ಕ್‌ಶಾಪಿನಲ್ಲಿ ಗಾಡಿ ಬಿಚ್ಚಿ ಜೋಡಿಸಿದವನು ನಾನು. ಅಲ್ಲಿ ಒಬ್ಬ ಮೆಕ್ಯಾನಿಕ್ ‘ಉತ್ತಮ’ ಎಂದು ಬರೆದು ಸಹಿ ಹಾಕಿದ ಟ್ರಕ್ಕು ಕಣಿವೆಗೆ ಬಿದ್ದರೆ ಆ ಸಹಿಯನ್ನು ಯಾರೂ ಮರೆಯುವುದಿಲ್ಲ. ಹೀಗಾಗಿ ನನ್ನ ಬಾಯಲ್ಲಿ ಗಾಡಿಗಳಿಗೆ ಮೂರೇ ದರ್ಜೆ ಉಳಿದವು. ಮೇಲಿನದು ‘ಸರಿ ಇದೆ’. ಕೆಳಗಿನದು ‘ಬಿಚ್ಚು’. ನಡುವಿನದು ‘ಪರವಾಗಿಲ್ಲ’. ಪರವಾಗಿಲ್ಲ ಎಂದರೆ ಸದ್ಯಕ್ಕೆ ಓಡುತ್ತದೆ, ಆದರೆ ಕಣ್ಣಿಟ್ಟಿರು ಎಂದು. ವರ್ಕ್‌ಶಾಪಿನಲ್ಲಿದ್ದ ನಾಲ್ಕೈದು ಕನ್ನಡದ ಹುಡುಗರಿಗೆ ಇದು ಗೊತ್ತಿತ್ತು. ನಾನು ಆ ಪದ ಆಡಿದೊಡನೆ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಿದ್ದರು.

ಸೇನೆ ಬಿಟ್ಟ ಮೇಲೆ ನೋಯ್ಡಾದ ಒಂದು ಇಂಗ್ಲಿಷ್ ಮೋಟಾರು ಪತ್ರಿಕೆಯಲ್ಲಿ ಗಾಡಿಗಳನ್ನು ಓಡಿಸಿ ಪರೀಕ್ಷಿಸುವ ಕೆಲಸ ಸಿಕ್ಕಿತ್ತು. ಆ ವರ್ಷ ಇನ್ನೂರು ಸಿಸಿಯ ಆಚೀಚೆಯ, ಮುಂದೆ ಗಾಳಿ ತಡೆಯುವ ಅರ್ಧ ಮುಸುಕು ಹೊದ್ದ ಬೈಕುಗಳು ಒಂದರ ಹಿಂದೆ ಒಂದು ಬಂದವು. ದಿನವೂ ಆಫೀಸಿಗೆ ಹೋಗಲು ಆಗಬೇಕು, ರಜೆ ಸಿಕ್ಕರೆ ಐನೂರು ಕಿಲೋಮೀಟರ್ ದೂರವೂ ಹೋಗಬೇಕು, ಬೆಲೆ ಸಂಬಳದವನ ಕೈಗೆ ಎಟುಕಬೇಕು. ಅಂಥವನು ಯಾವುದನ್ನು ಕೊಳ್ಳಬೇಕು? ಇದನ್ನು ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಗಾಡಿಗಳು ಮೂರು. ಹೆಸರು ಬೇಡ, ಬಣ್ಣದಿಂದಲೇ ಕರೆಯುತ್ತೇನೆ: ಕೆಂಪು, ಕಪ್ಪು, ನೀಲಿ.

ನನ್ನ ಇಂಗ್ಲಿಷು ಬಿಡಿಭಾಗಗಳ ಪಟ್ಟಿಯಷ್ಟೇ ಉದ್ದ. ನಾನು ಅಂಗಿಯ ಜೇಬಿನ ಖಾಕಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವವನು. ಅದನ್ನು ನಾನು ಓದಿ ಹೇಳಿದರೆ ಇಂಗ್ಲಿಷಿಗೆ ತಿರುಗಿಸುವವಳು ಪತ್ರಿಕೆಯ ಹೊಸ ಉಪಸಂಪಾದಕಿ. ದೆಹಲಿಯ ಪೀತಮ್‌ಪುರದಲ್ಲಿ ನಮ್ಮ ಮನೆಯ ಎದುರಿನ ಮಾರ್ಕೆಟ್ಟಿನಲ್ಲಿ ದೋಸೆ ಹೋಟೆಲ್ ನಡೆಸುವ ಭಟ್ಟರ ಒಬ್ಬಳೇ ಮಗಳು. ಅವಳನ್ನು ಕೆಲಸಕ್ಕೆ ಸೇರಿಸಿದ್ದೇ ನಾನು. ‘ಈ ಹುಡುಗಿಗೆ ಕನ್ನಡವೂ ಬರುತ್ತದೆ, ಇಂಗ್ಲಿಷೂ ಬರುತ್ತದೆ, ನನ್ನ ತಲೆನೋವು ನಿಮಗೆ ತಪ್ಪುತ್ತದೆ’ ಎಂದು ಸಂಪಾದಕರ ಮುಂದೆ ನಿಂತು ಹೇಳಿದ್ದೆ. ಇನ್ನೂ ಪ್ರೊಬೇಷನ್ನಿನಲ್ಲಿದ್ದಳು. ಕನ್ನಡ ಬರುತ್ತಿತ್ತು ಎನ್ನುವುದು ಅರ್ಧ ನಿಜ. ಮನೆಯಲ್ಲಿ ಅಪ್ಪ ಅಮ್ಮ ಆಡಿದ್ದು ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ನನ್ನ ಹತ್ತಿರ ಮಾತ್ರ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದಳು, ‘ಅಂಕಲ್, ನನ್ನ ಪ್ರಾಕ್ಟೀಸ್ ಆಗಬೇಕು ನಾ’ ಎಂದು. ಅದು ನನಗೆ ಬಹಳ ಖುಷಿಯ ಸಂಗತಿಯಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಈ ಪರೀಕ್ಷೆಯಲ್ಲಿ ಪತ್ರಿಕೆಗಿಂತ ಹೆಚ್ಚು ಆಸಕ್ತಿ ಭಟ್ಟರಿಗೆ. ಅವರು ದಿನಾ ಬೆಳಿಗ್ಗೆ ಆಜಾದ್‌ಪುರದ ಮಂಡಿಗೆ ಹಳೆಯ ಸ್ಕೂಟರಿನಲ್ಲಿ ತೆಂಗಿನಕಾಯಿ, ಕರಿಬೇವು ತರಲು ಹೋಗುವವರು. ಸ್ಕೂಟರು ಮುದಿಯಾಗಿತ್ತು. ಹೊಸದು ತೆಗೆದುಕೊಳ್ಳುವುದಾದರೆ ದೂರ ಹೋಗುವಂಥದ್ದನ್ನೇ ಕೊಳ್ಳಬೇಕೆಂದು ಅವರಿಗೆ ಆಸೆ.

“ಇಪ್ಪತ್ತೆಂಟು ವರ್ಷ ಈ ಊರಲ್ಲಿ ದೋಸೆ ಹುಯ್ದೆ ಮಾರಾಯ್ರೆ,” ಎಂದರು ಒಮ್ಮೆ. “ಆರು ಗಂಟೆ ದಾರಿಯಲ್ಲಿ ಹಿಮಾಲಯ ಉಂಟು. ನಾನು ಹಿಮ ನೋಡಿದ್ದು ಫ್ರಿಜ್ಜಿನಲ್ಲಿ ಮಾತ್ರ. ನೀವು ಯಾವುದು ಹೇಳ್ತೀರೋ ಅದನ್ನೇ ತಗೊಳ್ಳುವುದು ಹವಲ್ದಾರ್ರೇ.”

“ಸ್ವಲ್ಪ ತಡೀರಿ ಭಟ್ರೇ, ಮೂರನ್ನೂ ಓಡಿಸಿ ನೋಡ್ತೀನಿ,” ಎಂದೆ.

ಮೊದಲನೆಯ ಎರಡು ವಾರ ದಿನಬಳಕೆಯ ಪರೀಕ್ಷೆ. ಪೀತಮ್‌ಪುರದಿಂದ ರಿಂಗ್ ರೋಡ್ ಹಿಡಿದು, ಐಟಿಒ ದಾಟಿ, ಯಮುನೆಯ ಮೇಲೆ ಹಾದು ನೋಯ್ಡಾಕ್ಕೆ. ದಿನಕ್ಕೊಂದು ಗಾಡಿ. ಕೆಂಪು ಗಾಡಿಯ ಎಂಜಿನ್ ನಯ, ಆದರೆ ಸಿಗ್ನಲ್ಲಿನಲ್ಲಿ ನಿಂತರೆ ಬಿಸಿಯೆಲ್ಲ ಮೊಣಕಾಲಿಗೆ. ಜೂನ್ ತಿಂಗಳ ದೆಹಲಿಯಲ್ಲಿ ಅದು ಶಿಕ್ಷೆಯೇ. ಕಪ್ಪು ಗಾಡಿಯ ಓಟಕ್ಕೆ ಉಳಿದೆರಡು ಸಾಟಿಯಲ್ಲ. ಹ್ಯಾಂಡಲ್ ಮಾತ್ರ ಎಷ್ಟು ಕೆಳಗಿತ್ತೆಂದರೆ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು, ನೋಯ್ಡಾ ಮುಟ್ಟುವಾಗ ಬೆರಳು ಜೋಮು ಹಿಡಿಯುತ್ತಿತ್ತು. ನೀಲಿ ಗಾಡಿ ಓಟದಲ್ಲಿ ಮೂರನೆಯದು. ಆದರೆ ಕೂತರೆ ಬೆನ್ನು ನೆಟ್ಟಗೆ, ಹಿಂದೆ ಕೂತವರಿಗೂ ಹಿಡಿದುಕೊಳ್ಳಲು ಕಂಬಿ, ಗಾಳಿ ಎದೆಗೆ ಹೊಡೆಯದಂತೆ ಮುಸುಕು, ಪೆಟ್ರೋಲಿನ ಹಸಿವೂ ಕಮ್ಮಿ. ನನ್ನ ಹೆಂಡತಿ ಮೂರರ ಹಿಂದೆಯೂ ಕೂತು ಒಂದೇ ಸುತ್ತಿನಲ್ಲಿ ತೀರ್ಪು ಕೊಟ್ಟಳು: “ನೀಲಿ. ಉಳಿದದ್ದರಲ್ಲಿ ನಾನು ಬರೋದಿಲ್ಲ.”

ಪೆಟ್ರೋಲಿನ ಲೆಕ್ಕ ಮೊದಲ ಸಲ ಕೆಟ್ಟುಹೋಯಿತು. ಟ್ಯಾಂಕ್ ಕುತ್ತಿಗೆಯವರೆಗೆ ತುಂಬಿಸಿ, ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ಅಷ್ಟೇ ತುಂಬಿಸಿ ಲೆಕ್ಕ ಹಾಕುವುದು ನನ್ನ ಪದ್ಧತಿ. ಪಂಪಿನವನು ಕೆಂಪು ಗಾಡಿಯನ್ನು ಪಕ್ಕದ ಸ್ಟ್ಯಾಂಡಿನಲ್ಲಿ ವಾಲಿಸಿಯೇ ತುಂಬಿಸಿದ. ವಾಲಿದ ಟ್ಯಾಂಕ್ ಹಿಡಿಯುವುದೇ ಬೇರೆ, ನೆಟ್ಟಗೆ ನಿಂತ ಟ್ಯಾಂಕ್ ಹಿಡಿಯುವುದೇ ಬೇರೆ. ನಾಲ್ಕು ದಿನದ ಓಡಾಟ ನೀರಿನಲ್ಲಿ ಹೋಮವಾಯಿತು. ಮತ್ತೆ ಮೊದಲಿನಿಂದ ಮಾಡಿದೆ. “ಯಾರು ನೋಡ್ತಾರೆ, ಅಂದಾಜಿಗೆ ಬರೆದುಬಿಡಿ” ಎಂದು ಸಂಪಾದಕರು ಹೇಳಿದರು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಬರೆಯಲಿಲ್ಲ.

ಬ್ರೇಕಿನ ಪರೀಕ್ಷೆಗೆ ಗ್ರೇಟರ್ ನೋಯ್ಡಾದ ಖಾಲಿ ರಸ್ತೆಗಳಿಗೆ ಹೋದೆ. ಆಗ ಅಲ್ಲಿ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಅಡ್ಡಲಾಗಿ ಸುಣ್ಣದ ಗೆರೆ ಎಳೆದು, ಅರವತ್ತರ ವೇಗದಲ್ಲಿ ಬಂದು, ಗೆರೆ ಮುಟ್ಟಿದೊಡನೆ ಬ್ರೇಕ್ ಹಿಡಿದು, ಗಾಡಿ ನಿಂತ ಜಾಗಕ್ಕೆ ಟೇಪ್ ಹಿಡಿಯುವುದು. ಟೇಪ್ ಹಿಡಿಯಲು ಹುಡುಗಿ ಬಂದಿದ್ದಳು. ಮೂರನೆಯ ಸುತ್ತಿಗೆ ಪಕ್ಕದ ಹಳ್ಳಿಯಿಂದ ಹತ್ತು ಜನ ನೆರೆದರು. ಆ ಸೀಮೆಯಲ್ಲಿ ಟೇಪ್ ಹಿಡಿದವರೆಲ್ಲ ಜಮೀನಿನ ದಲ್ಲಾಳಿಗಳೇ. “ಪ್ಲಾಟ್ ಕಟ್ ರಹಾ ಹೈ ಕ್ಯಾ ಯಹಾಂ?” ಇಲ್ಲಿ ಸೈಟು ಮಾಡುತ್ತಿದ್ದೀರಾ ಎಂದು ಒಬ್ಬ ಮುದುಕ ಕೋಲು ಊರಿಕೊಂಡು ನಿಂತ. ಬೈಕಿನ ಪರೀಕ್ಷೆ ಎಂದರೆ ಯಾರೂ ನಂಬಲಿಲ್ಲ. ಹುಡುಗಿ ನಗುತ್ತಾ ಅವರಿಗೆಲ್ಲ ವಿವರಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಮರುದಿನ ಇನ್ನೂ ದೂರದ ರಸ್ತೆ ಹುಡುಕಿ ಕೆಲಸ ಮುಗಿಸಿದೆವು. ಅಲ್ಲಿ ನೀಲಿ ಗಾಡಿ ಉಳಿದೆರಡಕ್ಕೆ ಸರಿಸಮನಾಗಿ ನಿಂತಿತು. ನೆನಪಿರಲಿ, ಸಪಾಟು ರಸ್ತೆಯಲ್ಲಿ ಆ ಬ್ರೇಕ್ ಸಾಧು.

ಕೊನೆಗೆ ಪ್ರಯಾಣದ ಪರೀಕ್ಷೆ. ಸಾಮಾನು ಹೊತ್ತ ಗಾಡಿ ಹೇಗಿರುತ್ತದೆಂದು ತಿಳಿಯಲು ಭಟ್ಟರೇ ಹೋಟೆಲಿನಿಂದ ಹತ್ತು ಹತ್ತು ಕಿಲೋ ಅಕ್ಕಿಯ ಎರಡು ಚೀಲ ಕೊಟ್ಟರು. ಅವನ್ನು ಇಬ್ಬದಿಗೆ ಕಟ್ಟಿಕೊಂಡು ಮೂರು ಗಾಡಿಯನ್ನೂ ಒಂದೊಂದಾಗಿ ಮಸ್ಸೂರಿಗೆ ಓಡಿಸಿದೆ. ನೀಲಿ ಗಾಡಿ ಮೇಲೆ ಹತ್ತುವಾಗ ಏದುಸಿರು ಬಿಟ್ಟಿತೇ ಹೊರತು ಬೇಸರ ಮಾಡಲಿಲ್ಲ. ತೊಂದರೆ ತಿಳಿದದ್ದು ಇಳಿಯುವಾಗ. ಡೆಹ್ರಾಡೂನಿನ ಕಡೆಗೆ ತಿರುವಿನ ಮೇಲೆ ತಿರುವು. ಮೊದಲ ಏಳೆಂಟು ತಿರುವು ಬ್ರೇಕ್ ಕಲ್ಲಿನ ಹಾಗಿತ್ತು. ಆಮೇಲೆ ಬಲಗೈಯ ಲಿವರ್ ಮೆತ್ತಗಾಗುತ್ತಾ ಬಂತು. ಇನ್ನೂ ನಾಲ್ಕು ತಿರುವು ಕಳೆಯುವಾಗ ಲಿವರ್ ಹಿಡಿಕೆಯವರೆಗೆ ಬಂದಿತ್ತು, ಗಾಡಿ ಮಾತ್ರ ನಿಲ್ಲಲು ಒಪ್ಪುತ್ತಿರಲಿಲ್ಲ. ಗೇರ್ ಇಳಿಸಿ, ಹಿಂದಿನ ಬ್ರೇಕಿನ ಮೇಲೆ ನಿಂತು, ಹೇಗೋ ಒಂದು ಚಹಾದ ಅಂಗಡಿಯ ಎದುರು ನಿಲ್ಲಿಸಿದೆ. ಒಂದು ಲೋಟ ಚಹಾ ಮುಗಿಯುವಾಗ ಬ್ರೇಕ್ ಮತ್ತೆ ಗಟ್ಟಿಯಾಗಿತ್ತು, ಏನೂ ನಡೆದೇ ಇಲ್ಲವೆಂಬಂತೆ.

ಬ್ರೇಕಿಗೆ ಎಣ್ಣೆ ಒಯ್ಯುವ ರಬ್ಬರಿನ ಪೈಪು ಬಿಸಿಗೆ ಉಬ್ಬುತ್ತಿತ್ತು ಎಂದು ನನ್ನ ಅನುಮಾನ. ಕೈಯ ಬಲ ಚಕ್ರಕ್ಕೆ ಮುಟ್ಟುವ ಬದಲು ಪೈಪನ್ನು ಉಬ್ಬಿಸುವುದರಲ್ಲೇ ಮುಗಿಯುತ್ತಿತ್ತು. ಉಕ್ಕಿನ ತಂತಿ ಹೆಣೆದ ಪೈಪು ಹಾಕಿ, ಬ್ರೇಕಿನ ಎಣ್ಣೆ ಬದಲಿಸಿದರೆ ಸರಿಹೋಗುವ ದೋಷ. ಕರೋಲ್ ಬಾಗಿನ ಗ್ಯಾರೇಜುಗಳಲ್ಲಿ ಅರ್ಧ ದಿನದ ಕೆಲಸ. ನೋಟ್‌ಬುಕ್ಕಿನಲ್ಲಿ ಬರೆದೆ: ‘ಮೂರರಲ್ಲಿ ನೀಲಿಯೇ ತಕ್ಕದ್ದು. ಆದರೆ ಮುಂದಿನ ಬ್ರೇಕ್ ಪರವಾಗಿಲ್ಲ. ಇಳಿಜಾರಿನಲ್ಲಿ ಬಿಸಿಯಾದರೆ ಸೋಲುತ್ತದೆ. ಪೈಪು ಬದಲಿಸದೆ ಬೆಟ್ಟಕ್ಕೆ ಹೋಗಕೂಡದು.’

ಆಫೀಸಿಗೆ ಬಂದರೆ ಸಂಪಾದಕರು ಹೊಸ ವಿನ್ಯಾಸ ಹಾಕಿಕೊಂಡು ಕೂತಿದ್ದರು. ನನ್ನ ನಾಲ್ಕು ಪುಟದ ಬರಹಕ್ಕೆ ಅಲ್ಲಿ ಜಾಗವಿರಲಿಲ್ಲ. ಬದಲಿಗೆ ದೊಡ್ಡ ಫೋಟೋಗಳು, ಕೆಳಗೆ ಒಂದು ಪಟ್ಟಿ. ಎಂಜಿನ್, ಸೀಟು, ಮೈಲೇಜ್, ಬ್ರೇಕ್ ಎಂದು ಚೌಕಗಳು. ಒಂದೊಂದು ಚೌಕಕ್ಕೆ ಒಂದೊಂದು ಪದ, ಹೆಚ್ಚೆಂದರೆ ಎರಡು.

“ನೀಲಿ ಗೆದ್ದಿದೆ, ಆದರೆ ಒಂದು ಶರತ್ತಿನ ಮೇಲೆ,” ಎಂದು ಹಿಂದಿಯಲ್ಲಿ ಹೇಳಿದೆ.

“ಹವಲ್ದಾರ್ ಸಾಹಬ್, ರೀಡರ್ ಕೋ ಜವಾಬ್ ಚಾಹಿಯೇ, ಶರ್ತ್ ನಹೀಂ,” ಎಂದರು. ಓದುಗನಿಗೆ ಉತ್ತರ ಬೇಕು, ಶರತ್ತು ಬೇಡವಂತೆ. ನಾನು ಜಗಳವಾಡಿದೆ. ಅವರು ಗಡಿಯಾರ ನೋಡಿದರು. ಸಂಜೆಗೆ ಪುಟ ಪ್ರೆಸ್ಸಿಗೆ ಹೋಗಬೇಕಿತ್ತು. ಮರುದಿನ ಬೆಳಿಗ್ಗೆ ನಾನೂ ಒಂದು ಜೀಪಿನ ಪರೀಕ್ಷೆಗೆ ಮೂರು ವಾರ ರಾಜಸ್ಥಾನಕ್ಕೆ ಹೊರಡಬೇಕಿತ್ತು.

ಸಿಟ್ಟಿನಿಂದ ಉರಿಯುತ್ತಾ ಹುಡುಗಿಯ ಮೇಜಿನ ಎದುರು ಕೂತೆ. ಎರಡು ತಿಂಗಳ ದುಡಿಮೆಯನ್ನು ಒಂದೊಂದು ಪದಕ್ಕೆ ಇಳಿಸಬೇಕೆಂದರೆ ಹಾಗೇ ಆಗಲಿ ಎಂದುಕೊಂಡೆ. ಅವಳು ಕೇಳುತ್ತಾ ಹೋದಳು, ನಾನು ಒಗೆಯುತ್ತಾ ಹೋದೆ.

“ಸೀಟು ಅಂಕಲ್?”

“ಸರಿ ಇದೆ.”

“ಮೈಲೇಜ್?”

“ಸರಿ ಇದೆ.”

“ಬ್ರೇಕ್?”

“ಪರವಾಗಿಲ್ಲ.”

ಅವಳ ಬೆರಳು ಕೀಬೋರ್ಡಿನ ಮೇಲೆ ಓಡಿತು. ವರ್ಕ್‌ಶಾಪಿನ ಹುಡುಗರಾಗಿದ್ದರೆ ತಲೆಯೆತ್ತಿ ನೋಡುತ್ತಿದ್ದರು. ಅವಳು ನೋಡಲಿಲ್ಲ. ಅಚ್ಚಿಗೆ ಹೋಗುವ ಮೊದಲು ಪುಟ ಓದುವಂತೆ ಕೊಟ್ಟಳು ಕೂಡ. “ಓದಿದ್ದೇನೆ” ಎಂದು ಸಹಿ ಹಾಕಿ ವಾಪಸು ಕೊಟ್ಟೆ. ಓದಿರಲಿಲ್ಲ. ಅವಳ ಎದುರು ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿಕೊಂಡು ಓದಲು ನನಗೆ ನಾಚಿಕೆ. ಸಹಿಯ ಬೆಲೆಯ ಬಗ್ಗೆ ಈ ಕಥೆಯ ಆರಂಭದಲ್ಲೇ ಭಾಷಣ ಬಿಗಿದವನು ನಾನೇ.

ರಾಜಸ್ಥಾನದ ಮರಳಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಅಪರೂಪ. ಹದಿನೆಂಟನೆಯ ದಿನ ಒಂದು ಢಾಬಾದ ಹತ್ತಿರ ಅದು ಜೀವ ತಾಳಿತು. ಹುಡುಗಿಯ ಧ್ವನಿ.

“ಅಂಕಲ್, ಪಪ್ಪಾಗೆ ಆಕ್ಸಿಡೆಂಟ್ ಹೋ ಗಯಾ. ನೀಲಿ ಬೈಕ್. ನೀವು ಯಾವಾಗ ಬರ್ತೀರಾ?”

ನಡೆದದ್ದು ಇಷ್ಟು. ಪತ್ರಿಕೆ ಬಂದ ವಾರವೇ ಭಟ್ಟರು ನೀಲಿ ಗಾಡಿ ತಂದಿದ್ದರು. ನನ್ನನ್ನು ಕೇಳಲಿಲ್ಲ. ಮಗಳು ಅಚ್ಚು ಹಾಕಿಸಿದ ಮೇಲೆ ಇನ್ನು ಕೇಳುವುದೇನು? ಆ ಪುಟವನ್ನು ಕತ್ತರಿಸಿ, ಫ್ರೇಮ್ ಹಾಕಿಸಿ, ಗಲ್ಲಾದ ಹಿಂದೆ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ನನ್ನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅವಳ ಹೆಸರಿತ್ತು. ಮರುವಾರವೇ, ಒಬ್ಬರೇ, ಋಷಿಕೇಶದ ಮೇಲಿನ ಬೆಟ್ಟದ ದಾರಿ ಹಿಡಿದರು. ದೂರದ ಹಿಮದ ಸಾಲು ನೋಡಿ ಹಿಂದಿರುಗುವಾಗ, ಇಳಿಜಾರಿನ ತಿರುವಿನಲ್ಲಿ ಗಾಡಿ ಮೋಟುಗೋಡೆಗೆ ಹೋಗಿ ಬಡಿಯಿತು. ಜೀವ ಉಳಿಯಿತು. ಬಲಗೈಯ ಮಣಿಕಟ್ಟು ನುಚ್ಚಾಯಿತು.

ದೆಹಲಿಯ ಆಸ್ಪತ್ರೆಗೆ ನಾನು ಹೋದಾಗ ಕೈಗೆ ಲೋಹದ ಪಟ್ಟಿ ಕೂಡಿಸಿದ್ದರು. ಭಟ್ಟರು ಗೋಡೆಯ ಕಡೆ ಮುಖ ಮಾಡಿದ್ದವರು ನನ್ನ ಕಡೆ ತಿರುಗಿದರು.

“ಹಿಡಿದೆ ಮಾರಾಯ್ರೆ. ಇದ್ದ ಬಲವೆಲ್ಲ ಹಾಕಿ ಹಿಡಿದೆ. ಅದು ಹಿಡಿಯಲೇ ಇಲ್ಲ.”

ಹುಡುಗಿ ಮಂಚದ ಪಕ್ಕ ನಿಂತಿದ್ದಳು. ಅವಳ ಚೀಲದಲ್ಲಿ ಆ ಸಂಚಿಕೆ ಇತ್ತು. ಅದನ್ನು ಇಸಿದುಕೊಂಡು ಕಾರಿಡಾರಿನ ಬೆಂಚಿನಲ್ಲಿ ಕೂತು ಮೊದಲ ಸಲ ಓದಿದೆ, ಅಕ್ಷರ ಅಕ್ಷರ ಕೂಡಿಸಿಕೊಂಡೇ. ನೀಲಿ ಗಾಡಿಯ ಸಾಲು. ಬ್ರೇಕಿನ ಚೌಕ. ಅಲ್ಲಿ ಎರಡು ಪದ: ‘ನೋ ವರೀಸ್’.

ತಕ್ಷಣ ಗೊತ್ತಾಯಿತು. ನಮ್ಮಲ್ಲಿ ನೆಂಟರ ಕೈಯಿಂದ ಲೋಟ ಬಿದ್ದು ಒಡೆದರೂ ಪರವಾಗಿಲ್ಲ, ಮಗ ಹೇಗೋ ಪಾಸಾದರೂ ಪರವಾಗಿಲ್ಲ, ಜ್ವರ ಬಿಡದಿದ್ದರೂ ಕೇಳಿದವರಿಗೆ ಪರವಾಗಿಲ್ಲ. ಯಾವುದು ಯಾವ ಪರವಾಗಿಲ್ಲ ಎಂದು ತಿಳಿಯುವುದು ಹೇಳುವವನ ಮುಖದಿಂದ. ಅವಳು ಕೀಬೋರ್ಡ್ ನೋಡುತ್ತಿದ್ದಳು. ದೆಹಲಿಯಲ್ಲಿ ಬೆಳೆದ ಕಿವಿಗೆ ಅದು ಹಿಂದಿಯ ‘ಪರವಾಹ್ ನಹೀಂ’ ಎಂದೇ ಕೇಳಿಸಿದೆ. ಚಿಂತೆಯೇ ಬೇಡ ಎಂದು. ಅದನ್ನೇ ಚೆಂದದ ಇಂಗ್ಲಿಷಿನಲ್ಲಿ ಹಾಕಿದ್ದಾಳೆ.

ಅವಳು ಬಂದು ಪಕ್ಕದಲ್ಲಿ ಕೂತಳು. ಅಳು ಇಂಗಿದ ಮುಖ.

“ಅಂಕಲ್, ನೀವು ಅದನ್ನೇ ಹೇಳಿದ್ದು ಅಲ್ವಾ? ಬ್ರೇಕ್‌ದು? ನಾನು ಸರಿ ಬರೆದಿದ್ದೆ ನಾ?”

ಒಂದು ಕ್ಷಣದಲ್ಲಿ ಎಷ್ಟೆಲ್ಲ ಯೋಚನೆ ಬರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ನಿಜ ಹೇಳಿದರೆ ಈ ಹುಡುಗಿ ಇನ್ನು ಸಾಯುವವರೆಗೂ ಅಪ್ಪನ ಕೈಯನ್ನು ತಾನೇ ಮುರಿದೆ ಎಂದುಕೊಳ್ಳುತ್ತಾಳೆ. ಒಂದು ಪದ ಒಗೆದು, ಓದದೆ ಸಹಿ ಹಾಕಿ, ಜೀಪು ಹತ್ತಿ ಹೋದವನು ನಾನು. ಹೊರಬೇಕಾದವನೂ ನಾನೇ ಎನ್ನಿಸಿತು.

“ಹೌದು ಮಗಾ,” ಎಂದೆ. “ನಾನು ಹೇಳಿದ್ದನ್ನೇ ನೀನು ಬರೆದೆ. ನಾನೇ ಸರಿಯಾಗಿ ನೋಡಿರಲಿಲ್ಲ.”

ಅವಳ ಉಸಿರು ಸಡಿಲವಾಯಿತು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ಹಿತವಾಗಿರಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಪತ್ರಿಕೆ ಓದಿ ನೀಲಿ ಗಾಡಿ ಕೊಂಡವರು ಇನ್ನೆಷ್ಟು ಜನರಿದ್ದರೋ. ಅವರಲ್ಲಿ ಯಾರೂ ಬೆಟ್ಟಕ್ಕೆ ಹೋಗುವ ಮೊದಲು ತಿದ್ದುಪಡಿ ಅಚ್ಚಾಗಬೇಕಿತ್ತು. ಅನುವಾದದ ತಪ್ಪು ಎಂದು ಬರೆದರೆ ಹುಡುಗಿಯ ಕೆಲಸ ಹೋಗುತ್ತಿತ್ತು, ಗುಟ್ಟೂ ಹೋಗುತ್ತಿತ್ತು. ಅದಕ್ಕೆ ನನ್ನ ತಪ್ಪೆಂದೇ ಬರೆಯುವುದೆಂದು ತೀರ್ಮಾನಿಸಿದೆ. ಇಂಗ್ಲಿಷಿಗೆ ತಿರುಗಿಸಿಕೊಡು ಎಂದು ಅವಳನ್ನು ಕೇಳುವಂತಿರಲಿಲ್ಲ. ಡಿಕ್ಷನರಿ ಹಿಡಿದು ಎರಡು ಸಂಜೆ ಕೂತೆ. ನೀಲಿ ಗಾಡಿಯ ಮುಂದಿನ ಬ್ರೇಕ್ ಇಳಿಜಾರಿನಲ್ಲಿ ಬಿಸಿಯಾದರೆ ಸೋಲುತ್ತದೆ. ಇದನ್ನು ತಿಳಿಸುವುದರಲ್ಲಿ ಪರೀಕ್ಷಕನಾದ ನಾನು ತಪ್ಪಿದೆ. ಪೈಪು ಬದಲಿಸದೆ ಬೆಟ್ಟಕ್ಕೆ ಹೋಗಬೇಡಿ. ಇಷ್ಟೇ ಮೂರು ಸಾಲು. ನನ್ನ ಸ್ವಂತ ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಬರಹ ಅದು, ಕೊನೆಯದೂ ಅದೇ.

ಸಂಪಾದಕರು ಓದಿ ಕನ್ನಡಕ ತೆಗೆದಿಟ್ಟರು.

“ಪರೀಕ್ಷೆ ಮಾಡಿದವನೇ ತಪ್ಪಿದೆ ಅಂದರೆ ಮುಂದಿನ ತಿಂಗಳು ನಿಮ್ಮ ಮಾತನ್ನು ಯಾರು ನಂಬುತ್ತಾರೆ?” ಎಂದು ಹಿಂದಿಯಲ್ಲಿ ಕೇಳಿದರು.

“ಯಾರೂ ನಂಬೋದಿಲ್ಲ,” ಎಂದೆ.

“ಹಾಕುತ್ತೇನೆ. ಆದರೆ ಹಾಕಿದ ಮೇಲೆ ನೀವು ಇಲ್ಲಿರಲು ಆಗುವುದಿಲ್ಲ.”

ಅಷ್ಟರ ಮಟ್ಟಿಗೆ ಅವರು ಮಾತಿಗೆ ತಪ್ಪಲಿಲ್ಲ. ಓದುಗರ ಪತ್ರಗಳ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದರು. ಚೌಕಕ್ಕೆ ಒಂದೇ ಪದ ಸಾಕೆಂದವರು ಯಾರು ಎಂಬುದನ್ನು ಅವರೂ ನೆನಪಿಸಲಿಲ್ಲ, ನಾನೂ ಕೇಳಲಿಲ್ಲ. ನಾನು ಕರೋಲ್ ಬಾಗಿನ ಒಂದು ಗ್ಯಾರೇಜಿಗೆ ಸೇರಿದೆ. ಹುಡುಗಿಯ ಕೆಲಸ ಅದೇ ತಿಂಗಳು ಖಾಯಂ ಆಯಿತು.

ಭಟ್ಟರು ಮನೆಗೆ ಬಂದ ಮೇಲೆ ಒಂದು ಸಲ ಹೋಗಿದ್ದೆ. ತಿದ್ದುಪಡಿ ಅವರಿಗೆ ತಲುಪಿತ್ತು. ಕೂರಿ ಎನ್ನಲಿಲ್ಲ.

“ಎರಡು ತಿಂಗಳು ಮೂರು ಗಾಡಿ ಓಡಿಸಿದ್ರಿ. ನನ್ನ ಅಕ್ಕಿ ಚೀಲ ಹೊರಿಸಿಕೊಂಡು ಹೋದ್ರಿ. ಎಂತ ನೋಡಿದ್ರಿ ಹವಲ್ದಾರ್ರೇ?”

ನನ್ನ ಬಾಯಲ್ಲಿ ಉತ್ತರವಿತ್ತು. ಯಾವ ತಿರುವಿನಲ್ಲಿ ಲಿವರ್ ಮೆತ್ತಗಾಯಿತು ಎಂಬುದನ್ನು ಕೂಡ ಹೇಳಬಲ್ಲವನಾಗಿದ್ದೆ. ನೋಡಿದ್ದೆ ಭಟ್ರೇ, ಎಲ್ಲ ನೋಡಿದ್ದೆ ಎಂದು ಕೂಗಬೇಕೆನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಇಡೀ ಬದುಕಿನಲ್ಲಿ ನನ್ನ ಕೆಲಸವನ್ನು ಯಾರೂ ಹಾಗೆ ಪ್ರಶ್ನಿಸಿರಲಿಲ್ಲ. ಆಮೇಲೆ ಎಂಟು ತಿಂಗಳು ಆ ಹೋಟೆಲಿನ ಎದುರಿಗೇ ಇದ್ದುಕೊಂಡು ಅದರ ಮೆಟ್ಟಿಲು ಹತ್ತಲಿಲ್ಲ.

ಮತ್ತೆ ಹತ್ತಿದ್ದು ಒಂದು ಭಾನುವಾರ ಬೆಳಿಗ್ಗೆ, ಹುಡುಗಿ ಕರೆದಳೆಂದು. ನೀಲಿ ಗಾಡಿಯನ್ನು ಯಾವತ್ತೋ ಗುಜರಿಗೆ ಹಾಕಿದ್ದರು. ಹಳೆಯ ಸ್ಕೂಟರು ಸ್ಟಾರ್ಟ್ ಆಗುತ್ತಿರಲಿಲ್ಲ. ಮಂಡಿಗೆ ಈಗ ಅವಳೇ ಹೋಗಿಬರುತ್ತಿದ್ದಳಂತೆ. ನಾನು ಬಾಗಿಲ ಪಕ್ಕ ಸ್ಕೂಟರನ್ನು ವಾಲಿಸಿಕೊಂಡು ಪ್ಲಗ್ ಬಿಚ್ಚಿ ಉಜ್ಜುತ್ತಾ ಕೂತಿದ್ದೆ. ಒಳಗೆ ಗಲ್ಲಾದಲ್ಲಿ ಭಟ್ಟರು. ನನ್ನನ್ನು ನೋಡಿದರು, ಮಾತಾಡಿಸಲಿಲ್ಲ. ಅವರ ತಲೆಯ ಹಿಂದೆ ಆ ಫ್ರೇಮು ಇನ್ನೂ ಇತ್ತು. ಮಗಳ ಹೆಸರಿದ್ದ ಪುಟ, ತೆಗೆಯಲು ಮನಸ್ಸು ಬಂದಿರಲಿಲ್ಲವೇನೋ.

ಇಂದಿರಾಪುರಂನಿಂದ ತಿಂಗಳಿಗೊಮ್ಮೆ ನೀರ್‌ದೋಸೆಗೆಂದು ಬರುವ ಕನ್ನಡದ ಒಂದು ಸಂಸಾರ ಬಂದು ಕೂತಿತು. ಅವರಲ್ಲಿ ಹಿರಿಯವರು ಗಲ್ಲಾದ ಹತ್ತಿರ ಬಂದು ವಿಚಾರಿಸಿದರು.

“ಕೈ ಈಗ ಹೇಗಿದೆ ಭಟ್ರೇ?”

ಭಟ್ಟರು ಎದುರಿಗಿದ್ದ ಕಾಫಿ ಲೋಟಕ್ಕೆ ಬಲಗೈ ಚಾಚಿದರು. ಬೆರಳು ಲೋಟವನ್ನು ಸುತ್ತಿದವು, ಮುಚ್ಚಲಿಲ್ಲ. ಲೋಟವನ್ನು ಎಡಗೈಗೆ ತೆಗೆದುಕೊಂಡು, ಸ್ವಲ್ಪ ನಕ್ಕು, ಹೇಳಿದರು.

“ಪರವಾಗಿಲ್ಲ.”

ಹುಡುಗಿ ಅವರ ಪಕ್ಕದಲ್ಲೇ ಎರಡು ತಟ್ಟೆ ಹಿಡಿದು ನಿಂತಿದ್ದಳು. ಅಪ್ಪನ ಬೆರಳು ನೋಡುತ್ತಿದ್ದಳು. ಆ ಪದ ಕಿವಿಗೆ ಬಿದ್ದದ್ದೇ ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಆಮೇಲೆ ಫ್ರೇಮಿನ ಕಡೆ ತಿರುಗಿ ಬ್ರೇಕಿನ ಚೌಕವನ್ನು ಓದಿದಳು. ತಟ್ಟೆಗಳನ್ನು ಸಿಕ್ಕಿದ ಮೇಜಿನ ಮೇಲಿಟ್ಟು ಹೊರಗೆ ಬಂದಳು.

“ಅಂಕಲ್, ಪರವಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಾನಾ?”

“ಹಾಗೇನಿಲ್ಲ ಮಗಾ. ಅದು ಹೇಳೋರ ಮೇಲೆ ಹೋಗುತ್ತೆ.”

“ನೀವು ಹೇಗೆ ಹೇಳಿದ್ರಿ? ಆ ದಿನ?”

ನಾನು ಪ್ಲಗ್ಗಿನ ತುದಿಯನ್ನು ಉಜ್ಜುತ್ತಲೇ ಇದ್ದೆ. ಅದು ಆಗಲೇ ಹೊಳೆಯುತ್ತಿತ್ತು.

“ನಿಮ್ಮ ನೋಟ್‌ಬುಕ್ ಕೊಡಿ ಅಂಕಲ್. ಅದರಲ್ಲಿ ಏನು ಬರೆದಿದ್ರಿ, ನಾನು ನೋಡಬೇಕು. ಓದೋಕೆ ಬರಲ್ಲ, ಪಪ್ಪಾ ಓದಿ ಹೇಳ್ತಾರೆ.”

“ಅದು ಕಳೆದುಹೋಯಿತು,” ಎಂದೆ.

ಖಾಕಿ ರಟ್ಟಿನ ಆ ನೋಟ್‌ಬುಕ್ಕು ನನ್ನ ಅಂಗಿಯ ಜೇಬಿನಲ್ಲಿತ್ತು. ಅರ್ಧ ಹೊರಗೆ ಕಾಣುತ್ತಿತ್ತು, ಪೆನ್ನು ಸಿಕ್ಕಿಸಿದ ಹಾಗೇ. ಅವಳ ಕಣ್ಣು ಅದರ ಮೇಲೇ ಇತ್ತು. ಕೈ ಚಾಚಲಿಲ್ಲ, ಮತ್ತೆ ಕೇಳಲೂ ಇಲ್ಲ. “ಸ್ಕೂಟರ್ ಠೀಕ್ ಹೋ ಜಾಯೇಗಾ ನಾ?” ಎಂದು ಕೇಳಿ ಒಳಗೆ ಹೋದಳು.

ಅವಳು ಈಗಲೂ ಸಿಗುತ್ತಾಳೆ, ಗೌರವದಿಂದಲೇ ಮಾತಾಡಿಸುತ್ತಾಳೆ. ಆದರೆ ಆ ಭಾನುವಾರದ ನಂತರ ನನ್ನ ಹತ್ತಿರ ಒಂದು ಪದವನ್ನೂ ಕನ್ನಡದಲ್ಲಿ ಆಡಿಲ್ಲ.